ಈಜು ಕಲಿಸಿದವನ ಅವ್ವ

ಎಂಬತ್ತನಾಲ್ಕನೇ ಇಸವಿ. ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದ ಸಂಜೀವಯ್ಯ ಮೇಷ್ಟ್ರು ಪೇಪರು ಬಿಡಿಸಿದ್ದೇ ತಡ, ಬೆನ್ನ ಹಿಂದೆ ಕೂತಿದ್ದ ಹೆಂಗಸರಿಬ್ಬರು ಶುರುಮಾಡಿದರು.

“ನೋಡೇ ಕ್ಯಾತಮ್ಮ, ಜುಂಜಮ್ಮನ ಮಗನ ಫೋಟೋ! ಪೋಲಿಯೋ ಕಾಲಿಟ್ಕೊಂಡು ಫಾರಿನ್ನಿಗೆ ಈಜಾಕೆ ಹೋಗ್ತಾವ್ನಂತೆ.”

“ಹೋಗ್ಲಿ ಬುಡು ರಂಗಕ್ಕ. ಬಾವಿ ನಮ್ದು. ಬೆನ್ನಿಗೆ ಬೆಂಡು ಕಟ್ಟಿ ಈಜು ಕಲಿಸ್ದೋನು ನನ್ ಮಗ. ಊರೆಲ್ಲಾ ಅವನಿಗೆ ಹಾರ ಹಾಕ್ತು, ನನ್ ಮಗನ ಹೆಸರು ಎತ್ತಿದೋರಿಲ್ಲ.”

“ನಿನ್ ಮಗನ್ನೂ ಕಳಿಸ್ಬೇಕಿತ್ತು ಕಣೆ.”

“ಕಾಲು ಸರಿಯಿಲ್ದೋರಿಗೆ ಮಾತ್ರ ಅಂತೆ ಆ ಪಂದ್ಯ. ಅವನಿಗಿಂತ ಜೋರಾಗಿ ಈಜ್ತಾನೆ ನನ್ ಮಗ, ಆದ್ರೂ ಕುರಿ ಹಿಂದೆ ಅಲೀತಾವ್ನೆ. ಇವನ್ದೂ ಒಂದು ಕಾಲು ಅಂಗೇ ಇದ್ದಿದ್ರೆ…”

ಮಾತು ಅಲ್ಲಿಗೇ ನಿಂತಿತು. ಪಟಪಟನೆ ಕೆನ್ನೆ ಬಡಿದುಕೊಂಡ ಸದ್ದು ಕೇಳಿಸಿತು. ಮೇಷ್ಟ್ರು ತಿರುಗಿ ನೋಡಲಿಲ್ಲ.

ಐ.ಡಿ.ಹಳ್ಳಿ ಬಸ್ಸು ಬಂತು. ಇಬ್ಬರೂ ಎದ್ದರು.

“ರಂಗಕ್ಕ, ಸಂತೇಲಿ ತಗೊಂಡ ಒಣಮೆಣಸಿನಕಾಯಲ್ಲಿ ನಾಕು ಕೊಡು. ಮನೆಗೆ ಹೋಗ್ತಿದ್ದಂಗೆ ಮಗನ ಕಾಲಿಗೆ ದೃಷ್ಟಿ ತೆಗೀಬೇಕು.”

“ಯಾರ ದೃಷ್ಟಿ ಬಿತ್ತೇ?”

ಬಸ್ಸಿನ ಮೆಟ್ಟಿಲ ಮೇಲಿಂದ ಉತ್ತರ ಬಂತು.

“ನಂದೇ ಕಣಕ್ಕ.”