ಅಮ್ಮನ ಫೋನಿಗೆ ಯಾರ ಬೆರಳು

ಕುಮಟಾದ ಕಣ್ಣಿನ ಡಾಕ್ಟರ ಹೊರಕೋಣೆಯಲ್ಲಿ ಸ್ಮೃತಿ ತನ್ನ ಸರದಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ತಾಯಿ ತಪಾಸಣೆಗೆ ಒಳಗೆ ಹೋಗಿದ್ದಳು. ತಾಯಿಯ ಫೋನಿನ ಮೇಲೆ ಅಕ್ಕ ಎರಡು ಸಲ ಬೆರಳೊತ್ತಿದರೂ ಅದು ತೆರೆಯಲಿಲ್ಲ. ತಂಗಿ ಮುಟ್ಟಿದ್ದೇ ತೆರೆಯಿತು.

“ಹೇಮಾ, ಅಮ್ಮನ ಫೋನಿಗೆ ನಿನ್ನ ಬೆರಳು ಎಂತಕ್ಕೆ?”

“ಬ್ಯಾಂಕಿನವ್ರು ಅಂತ ಯಾರೋ ಓಟಿಪಿ ಕೇಳಿದ್ರಲ್ಲ, ಆವಾಗ ಲಾಕ್ ಹಾಕ್ಕೊಟ್ಟೆ.”

“ನನ್ನ ಬೆರಳು ಸೇರಿಸೂಕೆ ಆಗ್ಲಿಲ್ವಾ? ದಿನಾ ಗಂಜಿ ಮಾಡಿ ಹಾಕೂದು ನಾನು. ನೀನು ಭಟ್ಕಳದಿಂದ ತಿಂಗಳಿಗೊಂದ್ಸಲ ಬರೂದು.”

“ಅಮ್ಮನೇ ಬೇಡ ಅಂದ್ಲು.”

“ನಾನೆಂತ ಕಳ್ಳಿಯಾ?”

“ಅಲ್ಲ ಅಕ್ಕ. ನಂಗೆ ಕಳಿಸೂ ವಾಯ್ಸ್ ಮೆಸೇಜು ನೀ ಕೇಳ್ಬಾರ್ದಂತೆ.”

“ನನ್ನ ದೂರು ಹೇಳ್ತಾಳಾ?”

“ದೂರಲ್ಲ, ಬರೀ ಹೊಗಳಿಕೆ. ನಿನ್ನೆದುರು ಹೊಗಳೂಕೆ ಅವ್ಳಿಗೆ ನಾಚಿಕೆಯಂತೆ. ನೀ ಮಾಡಿದ ಸಾರು, ನೀ ಎಣ್ಣೆ ಹಚ್ಚಿದ್ದು, ನೀ ಹೇಳಿದ ಹಾಡು. ನಾ ಉಂಡ್ನಾ, ಬಿಟ್ನಾ ಅಂತ ಒಂದ್ರಲ್ಲೂ ಕೇಳ್ಲಿಲ್ಲ.”

ಅಷ್ಟರಲ್ಲಿ ಕಣ್ಣಿಗೆ ಔಷಧ ಹಾಕಿಸಿಕೊಂಡ ತಾಯಿ ತಡವರಿಸುತ್ತ ಹೊರಬಂದು, “ಎಲ್ಲಿದ್ದೀ ಮಗಾ?” ಎಂದು ಕೈ ಚಾಚಿದಳು.

ಇಬ್ಬರೂ ಎದ್ದರು. ಚಾಚಿದ ಕೈಯನ್ನು ಅಕ್ಕ ಹಿಡಿದುಕೊಂಡಳು. ತಂಗಿ ಫೋನು ಎತ್ತಿಕೊಂಡು ಅವರ ಹಿಂದೆ ಮೆಟ್ಟಿಲಿಳಿದಳು.