ಕಡಲಲ್ಲಿರುವ ಮನೆಗೆ ಬೀಗ

ಕೋರ್ಟಿನ ಜಗಲಿಯಲ್ಲಿ ಊರವರ ಗೋಳನ್ನೆಲ್ಲ ಟೈಪು ಮಾಡಿ ಹೊಟ್ಟೆ ಹೊರೆಯುವ ಟೈಪಿಸ್ಟನಿಗೆ, ಪಕ್ಕದ ಬೆಂಚಿನಲ್ಲಿದ್ದ ಅಕ್ಕ-ತಮ್ಮನ ಮಾತು ಕದ್ದು ಕೇಳುವ ಕಷ್ಟವೂ ಇರಲಿಲ್ಲ. ಅಕ್ಕನ ಮನೆಯನ್ನು ಸಮುದ್ರ ನುಂಗಿತ್ತು. ಲೋಕವನ್ನು ಹೊಗೆಯಲ್ಲಿ ಬೇಯಿಸಿ ಸಮುದ್ರ ಉಕ್ಕಿಸಿದ್ದು ಎಣ್ಣೆ ಕಂಪನಿ ಎಂದು ಆಕೆ ದಾವೆ ಹೂಡಿದ್ದಳು. ತಮ್ಮ ಅದೇ ಊರಿನ ಪೋಸ್ಟ್‌ಮ್ಯಾನ್.

"ಕಂಪನಿ ವಕೀಲ ಏನಂದ ಗೊತ್ತಾ? ನನ್ನ ಮನೆ ಇನ್ನೂ ನಿಂತಿದೆಯಂತೆ."

"ಎಲ್ಲಿ ನಿಂತಿದೆ?"

"ನಿನ್ನ ಅಕ್ಷರದಲ್ಲಿ. ಅವರ ನೋಟಿಸು ವಾಪಸ್ ಕಳಿಸುವಾಗ ಲಕೋಟೆ ಮೇಲೆ 'ಬಾಗಿಲಿಗೆ ಬೀಗ' ಅಂತ ಬರೆದಿದ್ದೀಯಲ್ಲ, ಅದೇ ಅವರ ಸಾಕ್ಷಿ."

"ನಿನಗೆ ಬಂದ ಕಾಗದಕ್ಕೆಲ್ಲ ಹಾಗೇ ಬರೀತಿದ್ದೆ ಅಕ್ಕ. ಮನೆಯಿಲ್ಲ ಅಂತ ಬರೆದ್ರೆ ಸರ್ಕಾರದ ಪಟ್ಟಿಯಿಂದ ನಿನ್ನನ್ನೇ ಹೊಡೆದು ಹಾಕ್ತಾರೆ. ಮನೆ ಹೋಯ್ತು, ಹೆಸರಾದ್ರೂ ಉಳೀಲಿ ಅಂತ..."

"ಬಾಗಿಲೇ ಮೀನಿನ ಪಾಲು. ಬೀಗ ಎಲ್ಲಿಗೆ ಜಡಿದ್ಯೋ ಪುಣ್ಯಾತ್ಮ?"

"ಈಗೇನು ಮಾಡೋದು?"

"ಸುಳ್ಳು ಬರೆದೆ ಅಂತ ನೀನು ಕಟಕಟೇಲಿ ಒಪ್ಪಬೇಕು ಅಂತಾರೆ ನಮ್ಮ ವಕೀಲರು. ಇಲ್ದಿದ್ರೆ ಕೇಸು ವಜಾ."

"ಒಪ್ಪಿದ್ರೆ ನಾನೇ ವಜಾ."

"ಅದಕ್ಕೇ ಒಪ್ಪು ಅಂತ ನಾನು ಬಾಯಿಬಿಟ್ಟು ಕೇಳ್ತಿಲ್ಲ. ಮಕ್ಕಳೊಂದಿಗ ನೀನು."

"ಕೇಸು ಗೆಲ್ಲಲಿ, ಸೋಲಲಿ, ಕಂಪನಿಯವರು ಇವತ್ತು ಏನು ಕಳ್ಕೋತಾರೆ?"

"ಒಂದು ಮಧ್ಯಾಹ್ನ."

ಜವಾನ ಬಾಗಿಲಲ್ಲಿ ನಿಂತು, "ಪೋಸ್ಟ್‌ಮ್ಯಾನ್ ಸಾಕ್ಷಿ!" ಎಂದು ಕೂಗಿದ.

ತಮ್ಮ ಎದ್ದ. ಹೆಗಲ ಚೀಲವನ್ನು ಕಳಚಿ ಟೈಪಿಸ್ಟನ ಮೇಜಿನ ಮೇಲಿಟ್ಟ.

"ಇವತ್ತಿನ ಕಾಗದಗಳು ಸ್ವಾಮಿ. ಸಂಜೆ ಇದನ್ನ ಪೋಸ್ಟಾಫೀಸಿಗೆ ಮುಟ್ಟಿಸಿಬಿಡಿ. ಆಮೇಲೆ ನಾನು ಮುಟ್ಟೋ ಹಾಗಿರಲ್ಲ."

ಅಕ್ಕ ಅವನ ತೋಳು ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋದರು.