ನಿನ್ನ ಬದ್ಲಿಗೆ ನಾನ್ ಮಾತಾಡ್ತೆ

...ಅಲ್ಲ ಚೇತನಾ, ನಾನ್ ಕ್ಯಾಂಟೀನಿಗೆ ಹೋಯಿ, ಚಾ ಕುಡ್ದ್, ಎರಡು ಗೋಳಿಬಜೆ ತಿಂದ್ ಬಂದೆ. ಇಲ್ಲಿ ಕಂಡ್ರೆ ಒಂದೇ ಒಂದು ಟೋಕನ್ ಮುಂದೆ ಹೋಗ್ಲಿಲ್ಲೆ! ಗೋಡೆ ಮೇಲೆ ಈಗ್ಳೂ ಹದಿನೇಳೇ. ನಾವು ಹತ್ತೊಂಬತ್ತು. ಹತ್ತು ಗಂಟೆಗೆ ಬನ್ನಿ ಅಂದ್ರ್, ಖಾಲಿ ಹೊಟ್ಟೆಲಿ ಬನ್ನಿ ಅಂದ್ರ್. ಈಗ ಹನ್ನೆರಡೂ ಕಾಲು! ಡಾಕ್ಟ್ರು ಖಾಲಿ ಹೊಟ್ಟೆಲಿ ಬಂದಿದ್ರಾ ಅಂತ ಯಾರಾದ್ರೂ ಕೇಂತ್ರಾ?

ಎಂತ, ನೀನ್ ನನ್ನ ಹಾಂಗೆ ಕಾಣ್ತೆ? ಬಾಯಿಗೆ ಎಣ್ಣೆ ಮೆತ್ತಿಕಂಡಿತ್ತಾ? ನಿನ್ನೆದುರು ತಿಂಬುದ್ ಬೇಡ ಅಂತ್ಲೇ ಅಲ್ಲಿ ತಿಂದದ್ದು ಮಾರಾಯ್ತಿ. ಅಷ್ಟಾದ್ರೂ ಮನುಷ್ಯತ್ವ ನಂಗುಂಟು.

ಸ್ಲೇಟ್ ತಕೋ. ಬರೀ, ಎಂತ ಬೇಕಿತ್ತ್? ...ಬೇಡ್ವಾ? ಸರಿ, ಸುಸ್ತಾಯ್ತಾ ಕಾಣ್ತ್. ಎರಡು ತಿಂಗ್ಳಾಯ್ತ್ ಅಲ್ದಾ ಈ ಸ್ಲೇಟಿನ ಸಂಸಾರ. ನಿನ್ನ ಮಗ್ಳು ಪ್ರಜ್ಞಾ ಅ ಆ ಇ ಈ ತಿದ್ದಿದ ಸ್ಲೇಟಲ್ಲಿ ನೀನ್ 'ಅಕ್ಕ, ಸಾರಿಗೆ ಉಪ್ಪು ಕಮ್ಮಿ' ಅಂತ ಬರೂದ್, ನಾನ್ ಕನ್ನಡಕ ಹುಡ್ಕಿ ಓದೂದ್! ಇಡೀ ಸಾಲಿಗ್ರಾಮಕ್ಕೆ ನಿನ್ನ ದೇವರನಾಮ. ನಿನ್ನ ಓರಗಿತ್ತಿ ನಂಗೆ ಮಾತ್ರ ಉಪ್ಪು ಕಮ್ಮಿ.

ನಗಾಡೂದಿಲ್ಯಾ? ದಿನಾ ನೀನ್ ನಗಾಡ್ತಿದ್ದೆ ಅಲ್ದಾ ಇದಕ್ಕೆ.

ಮೂರು ಸಲ, ಚೇತನಾ! ಮೂರು ಸಲ ಮುಂದೆ ಹಾಕಿದ್ರಲ್ಲ ಇವ್ರು! 'ಕ್ಯಾಮರಾ ಹಾಕಿ ಗಂಟ್ಲ್ ಕಾಂಬುಕೇ ಬೇಕ್, ಒಳಗೆ ಎಂತದೋ ಬೆಳ್ದಾಂಗೆ ಉಂಟು, ತಡ ಮಾಡ್ಬೇಡಿ' ಅಂತ ನಮ್ಮ ಊರಿನ ಡಾಕ್ಟ್ರು ಚೀಟಿ ಬರ್ದ್ ಕೊಟ್ಟದ್ ಯಾವಾಗ? ಚೌತಿ ಮರುದಿನ. ಈಗ ದೀಪಾವಳಿ ಕಳ್ದ್ ತುಳಸಿ ಪೂಜೆ ಬಂತ್. ಮಂಗಳೂರಿಂದ ವಾರಕ್ಕೊಂದೇ ದಿನ ಕುಂದಾಪ್ರಕ್ಕೆ ಬಪ್ಪ ಡಾಕ್ಟ್ರ್ ಅಂಬ್ರ್. ಆ ಒಂದ್ ದಿನಕ್ಕೂ ಇವ್ರಿಗೆ ನೂರೆಂಟು ವಿಘ್ನ! ಒಂದ್ಸಲ ಡೆಲ್ಲಿಲಿ ಕಾನ್ಫರೆನ್ಸು. ಮತ್ತೊಂದ್ಸಲ... ಎಂತ ಹೇಳಿದ್ರಪ್ಪ... ಹಾಂ, ಮಿಷಿನ್ ಹಾಳು. ಮೂರನೇ ಸಲ ಡಾಕ್ಟ್ರ ಮನೇಲಿ ಮದುವೆ.

ಹುಬ್ಬು ಎಂತಕ್ಕೆ ಏರ್ಸ್ತೆ? ಮದುವೆಯೇ. ಆವತ್ತು ಜ್ವರ ಅಂತ ಹೇಳಿದ್ನಾ ನಾನ್? ...ಜ್ವರವೂ ಇದ್ದಿರ್ಬೇಕ್. ಮದುವೆ ಊಟ ಉಂಡ್ ಜ್ವರ ಬಂದಿರ್ಬೇಕ್! ನಂಗೆ ಎಲ್ಲ ನೆನಪಿರ್ತಾ? ಫೋನ್ ಎತ್ತಿ ಎತ್ತಿ ನನ್ನ ಕಿವಿ ಬಿಸಿಯಾಯಿತ್ತ್. ಸ್ವರ ಇಲ್ಲದವ್ಳಿಗೆ ಫೋನ್ ಬಂದ್ರೆ 'ಹಲೋ' ಹೇಳೂದ್ ಯಾರ್? ಅದಕ್ಕೇ ಅಲ್ದಾ ಆಸ್ಪತ್ರೆ ಚೀಟಿಲಿ ನೀನೇ ನನ್ನ ನಂಬರ್ ಬರ್ಸಿದ್ದು? ಆವತ್ತು ನೀನ್ ಸ್ಲೇಟಲ್ಲಿ ಬರ್ದ್ ತೋರ್ಸಿದ್ದೆ, 'ಅಕ್ಕ ಇದ್ದಾರಲ್ಲ' ಅಂತ. ಅಷ್ಟ್ ನಂಬಿಕೆ ನಿಂಗೆ ನನ್ನ ಮೇಲೆ.

ತಡಿ, ನಾನ್ ಹೋಯಿ ಕೇಂಬುದೇ ಸರಿ. ಆ ಕೌಂಟರಿನ ಹುಡ್ಗಿ ಹತ್ರ ನಾಲ್ಕು ಜನರ ಎದುರೇ ಕೇಂತೆ, 'ಮೂರು ಸಲ ಮುಂದೆ ಹಾಕಿದ್ದು ಸಾಲ್ದಾ ನಿಮ್ಗೆ' ಅಂತ. ವನಮಾಲಾ ಅಂದ್ರೆ ಯಾರಂತ ಇವ್ರಿಗೂ ಗೊತ್ತಾಯ್ಲಿ!

...ಎಂತ? ಹೋಗು ಅಂತ ಕೈ ಮಾಡ್ತ್ಯಾ? ನೀನ್?! ಯಾವಾಗ್ಳೂ ನನ್ನ ಸೆರಗು ಹಿಡ್ದ್ ಎಳ್ದ್ ಕೂರ್ಸುವವ್ಳು!

ಬೇಡ ಬಿಡು. ಪಾಪ, ಆ ಹುಡ್ಗಿಯಾದ್ರೂ ಎಂತ ಮಾಡೂದ್. ಅವ್ಳೂ ಸಂಬಳಕ್ಕೆ ಕೂತವ್ಳು. ಕಾಣ್, ಕಾಣ್, ಹದಿನೆಂಟು ಬಂತ್! ಇನ್ನು ನಮ್ದೇ. ಸುಮ್ನೆ ಗಲಾಟೆ ಎಂತಕ್ಕೆ.

ಬೇರೆ ಎಂತಾದ್ರೂ ಮಾತಾಡುವ. ಕೊಲ್ಲೂರಿನದ್ದು ನಿಂಗೆ ಸರಿಯಾಗಿ ಹೇಳ್ಲೇ ಇಲ್ಲೆ ಅಲ್ದಾ ನಾನ್? ನವರಾತ್ರಿಲಿ ನಮ್ಮ ಭಜನಾ ಮಂಡಳಿಗೆ ಅಮ್ಮನ ಎದುರು ಅರ್ಧ ಗಂಟೆ. ಅದನ್ನ ಯಾರೂ ಮುಂದೆ ಹಾಕ್ಲಿಲ್ಲೆ ಕಾಣ್! ಐದೂವರೆ ಅಂದ್ರೆ ಐದೂವರೆಗೆ ಮೈಕ್ ನನ್ನೆದುರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ! ಇಪ್ಪತ್ತು ವರ್ಷ ನೀನ್ ಎದುರು ಕೂತ್ ಹೇಳಿಕೊಟ್ಟದ್ದು, ನಾನ್ ಹಿಂದೆ ಕೂತ್ ತಾಳ ಕುಟ್ಟಿದ್ದು. ಸಂಗೀತ ಜೂನಿಯರ್ ಪರೀಕ್ಷೆಲಿ ಫಸ್ಟ್ ಕ್ಲಾಸು ನಾನ್! ನೀನ್ ಎಲ್ಲಿ ಕಲ್ತದ್ದು? ಮಜ್ಜಿಗೆ ಕಡೀತಾ ಕಲ್ತದ್ದು. ಆದ್ರೂ ಎಲ್ರಿಗೂ ಚೇತನಾ, ಚೇತನಾ. ಅತ್ತೆ ಹಾಸಿಗೆ ಹಿಡ್ದಾಗ ಆರು ತಿಂಗ್ಳು ಮೈ ಒರ್ಸಿದ್ದು ಯಾರ್? ಕಡೇ ದಿನ ಅವ್ರು ಕೇಂಡದ್ದು ಯಾರನ್ನ? 'ಚೇತನಾ, ಒಂದ್ ಹಾಡ್ ಹೇಳ್!'

ಹೋಗ್ಲಿ, ಅತ್ತೆ ಹೋದ್ರ್. ನಿನ್ನ ಭಾವ? ನನ್ನ ಕೈ ಹಿಡ್ದ ಗಂಡ? ಅವ್ರ ಫೋನಿನ ರಿಂಗ್‌ಟೋನ್ ಯಾರದ್ದು? ನಿಂದು! ನಾನ್ ಪೇಟೆಲಿ ನಿಂತ್ ಫೋನ್ ಮಾಡಿದ್ರೆ ಅವ್ರ ಕಿಸೆಯೊಳಗಿಂದ ನೀನ್ ಹಾಡ್ತೆ! ಪಲ್ಲವಿ ಮುಗೀದೆ ಅವ್ರು ಫೋನ್ ಎತ್ತೂದೂ ಇಲ್ಲೆ. ನಂಗೆ ಬಸ್ಸು ತಪ್ಪಿದ್ರೂ ಅಡ್ಡಿಲ್ಲೆ, ಅವ್ರಿಗೆ ಪಲ್ಲವಿ ತಪ್ಪುಕಾಗ!

ಈಗಾದ್ರೂ ನಗಾಡು ಮಾರಾಯ್ತಿ. ಆ ಕಡೆ ಕೂತ ಅಜ್ಜಿ ಕೂಡ ನಗಾಡ್ತಿತ್ತ್ ಕಾಣ್.

...ಆವತ್ತು ಕೊಲ್ಲೂರಲ್ಲಿ ನನ್ನ ಸ್ವರ ಆ ಕಲ್ಲಿನ ಗೋಡೆಗೆ ತಾಗಿ ನಂಗೇ ವಾಪಾಸ್ ಬಂತ್, ಚೇತನಾ. ಕೇಂಬುಕೆ ಚಂದವೇ ಇತ್ತ್. ಹೌದು, ಚಂದ ಇತ್ತ್! ಮುಗ್ದ ಮೇಲೆ ನಮ್ಮ ಅಧ್ಯಕ್ಷೆ, ಆ ಉಮಾವತಿ ಅಕ್ಕ, ಬೆನ್ನು ತಟ್ಟಿ ಎಂತ ಹೇಳ್ದ್ರ್ ಗೊತ್ತಾ? 'ಅಡ್ಡಿಲ್ಲೆ ವನಮಾಲಾ, ಸುಧಾರಿಸ್ದೆ. ಚೇತನಾ ಯಾವಾಗ ಬತ್ಳ್?' ಸುಧಾರಿಸ್ದೆ! ಅಂದ್ರೆ ಹೇಂಗೋ ನಿಭಾಯಿಸ್ದೆ ಅಂತ! ಊಟದ ಪಂಕ್ತಿಲಿ ಹಪ್ಪಳ ಮುಗ್ದ್ ಬದ್ಲಿಗೆ ಬಾಳ್ಕದ ಮೆಣ್ಸು ಬಡ್ಸಿದವ್ರಿಗೆ ಹೇಳುವ ಮಾತು! ಪ್ರಸಾದಕ್ಕೆ ಚಾಚಿದ ಕೈ ಹಾಂಗೇ ನಿಂತ್‌ಹೋಯ್ತ್ ನಂದು.

ಮತ್ತೆ ದೀಪಾವಳಿಗೆ ಬ್ರಹ್ಮಾವರದವ್ರು ಮಂಡಳಿನ ಕರ್ದ್ರಲ್ಲ, ನಂಗನ್ಸ್‌ತ್, ಇನ್ನೊಂದೇ ಒಂದ್ ಸಲ ಎದುರು ಕೂತ್ರೆ... 'ಚೇತನಾ ಎಲ್ಲಿ' ಅಂತ ಕೇಂಬುದ್ ನಿಲ್ಸ್ತ್ರ್ ಇವ್ರು. ಇನ್ನೊಂದೇ ಸಲ. ಅಂದ್ರೆ... ಹೇಂಗೂ ಆ ವಾರ ಡಾಕ್ಟ್ರು ಇರ್ಲಿಲ್ಲೆ ಅಲ್ದಾ. ಮಿಷಿನ್ ಹಾಳಾಯಿತ್ತ್.

...ಮದುವೆ. ಮದುವೆ ಇತ್ತ್. ಮಿಷಿನ್ ಹಾಳಾದ್ದು ಕೊಲ್ಲೂರಿನ ವಾರ.

ಹಾಂಗೆ ಕಣ್ಣು ಮಿಟುಕ್ಸ್‌ದೆ ಕಾಂಬುದ್ ಬೇಡ ಚೇತನಾ. ನಂಗೆ ಒಂಥರ ಆತ್ತ್.

ಅದು ಎಂತ, ನಿನ್ನ ಮಡಿಲಲ್ಲಿ? ಆಸ್ಪತ್ರೆಯವ್ರ ಫೈಲ್ ಅಲ್ದಾ? ಅದು ಕೌಂಟರಲ್ಲಿ ಇಪ್ಪುದಲ್ದಾ? ನಿನ್ನ ಕೈಗೆ ಹೇಂಗೆ ಬಂತ್? ನಾನ್ ಕ್ಯಾಂಟೀನಿಗೆ ಹೋದಾಗ ನೀನ್ ಅಲ್ಲಿಗೆ ಹೋಯಿದ್ಯಾ? ಒಬ್ಳೇ? ಸ್ಲೇಟ್ ಹಿಡ್ಕಂಡ್? ...ಕೊಡು ಕಾಂಬ. ಕೊಡು ಮಾರಾಯ್ತಿ.

ಹೆಸ್ರು ಸರಿ ಉಂಟು. ವಯಸ್ಸು ನಲ್ವತ್ತೆರಡು, ಸರಿ. ಫೋನ್... ಇದೆಂತ? ನನ್ನ ನಂಬರಿಗೆ ಗೀಟು ಎಳ್ದದ್ದು ಯಾರ್? ಕೆಳಗೆ ಬರ್ದದ್ದು... ಇದು ನಿನ್ನ ನಂಬರ್. ನಿನ್ನ ಅಕ್ಷರ. ಹಲೋ ಹೇಳುಕೆ ಸ್ವರ ಇಲ್ಲದವ್ಳು ನಿನ್ನದೇ ನಂಬರ್...

ಮತ್ತೆ ಈ ಅಚ್ಚಾದದ್ದು... 'ರೋಗಿಯ ಕಡೆಯವರು ಫೋನಿನಲ್ಲಿ ಕೇಳಿಕೊಂಡಂತೆ ಮುಂದೂಡಲಾಗಿದೆ'... ಹಾಂ! ಕಂಡ್ಯಾ ಇವ್ರ ಬುದ್ಧಿ! ತಮ್ಮ ಹುಳುಕು ಮುಚ್ಚುಕೆ ಎಂತ ಬೇಕಾದ್ರೂ ಬರೀತ್ರ್. ಕಂಪ್ಯೂಟರಿಗೆ ಎಂತ, ಒತ್ತಿದ್ದು ಬತ್ತ್. ನೀನ್ ಇದನ್ನ ನಂಬ್ತ್ಯಾ? ಇಪ್ಪತ್ತು ವರ್ಷ ಒಂದೇ ಒಲೆಲಿ ಬೇಯ್ಸಿದವ್ರು ನಾವ್. ನನ್ನ ಬಿಟ್ಟು ಈ ಕಾಗ್ದ ನಂಬ್ತ್ಯಾ?

...ಬರೀ. ಇಲ್ಲೇ ಉಂಟು ಸ್ಲೇಟು, ಕಡ್ಡಿ ತಕೋ. ಇಲ್ಲ ಅಂತ ಬರೀ. ಹೌದು ಅಂತ ಬರೀ.

...ಚೇತನಾ.

...ಮೂರೂ ನಾನಲ್ಲ! ದೇವ್ರಾಣೆ ಮೂರೂ ನಾನಲ್ಲ. ಮೊದಲನೇದ್ ಅವ್ರೇ ಮುಂದೆ ಹಾಕಿದ್ದು, ಕಾನ್ಫರೆನ್ಸಿಗೆ. ನಾನ್... ನಾನ್ ಎರಡೇ.

ಅವ್ರು ಫೋನ್ ಮಾಡಿ 'ನಾಳೆ ಬತ್ರಾ' ಅಂತ ಕೇಂಡ್ರ್. ಪೇಷಂಟ್ ಊರಲ್ಲಿಲ್ಲೆ ಅಂತ ಬಾಯಿಗೆ ಬಂತ್. ಒಂದ್ ಸಲ ಬಾಯಿಗೆ ಬಂದದ್ದು ಇನ್ನೊಂದ್ ಸಲವೂ ಬಂತ್. ಹಾಡಿ ಹಾಡಿ ಕಟ್ಟಿದ ಗಂಟ್ಲ್, ಎರಡು ವಾರದಲ್ಲಿ ಎಂತ ಆತ್ತ್ ಅಂತ ಮಾಡಿದ್ದೆ. ಬಿಸ್ನೀರು ಕೊಟ್ಟಿದ್ದೆ ಅಲ್ದಾ ದಿನಾ? ಕಾಳುಮೆಣ್ಸಿನ ಕಷಾಯ ಮಾಡಿ ಕೊಟ್ಟಿದ್ದೆ ಅಲ್ದಾ? ಅದೂ ಸುಳ್ಳಾ?

...ಹತ್ತೊಂಬತ್ತು! ಸಿಸ್ಟರ್, ಇಲ್ಲಿ! ಇಲ್ಲಿದ್ದೇವೆ! ಚೇತನಾ ಅಂದ್ರೆ ಇವ್ಳೇ. ಇವ್ಳಿಗೆ ಸ್ವರ ಇಲ್ಲ, ಇವ್ಳ ಬದ್ಲಿಗೆ ನಾನ್ ಮಾತಾ...

ಕೈ ಬಿಡ್ಸ್ಕಂತ್ಯಾ? ಒಬ್ಳೇ ಹೋಪುದಾ ಒಳಗೆ?

ಹಾಂಗಾರೆ ಸ್ಲೇಟಾದ್ರೂ ತಕಂಡ್ ಹೋಗ್! ಡಾಕ್ಟ್ರು ಕೇಂಡ್ರೆ ನೀನ್ ಎಂತ ಮಾಡ್ತೆ? ಚೇತನಾ! ಬಾಗ್ಲ್ ಹಾಕೂದಕ್ಕಿಂತ ಮೊದ್ಲು ಒಂದಕ್ಷರ ಬರ್ದ್ ಹೋಗ್. ಬೈದಾದ್ರೂ ಬರೀ, ಮಾರಾಯ್ತಿ...